ಹಿತ್ತಲ ಈಜುಕೊಳ: ಎರಿ ಮಣ್ಣು, ಗಡಸು ನೀರು, ಡಿಸೆಂಬರ್ ಚಳಿ

ಬೇಸಿಗೆ ರಜೆ ಹತ್ತಿರ ಬಂದಂತೆ ಈಜುಕೊಳದ ಪತ್ರಗಳು ಹೆಚ್ಚಾಗಿವೆ. ನೌಕರಿಯೆಲ್ಲ ನೀರು ಪರೀಕ್ಷೆಯ ಲ್ಯಾಬಿನಲ್ಲೇ ಕಳೆದವಳು ನಾನು, ಹಾಗಾಗಿ ನೀರಿನ ಲೆಕ್ಕ ನನ್ನದು. ಕಬ್ಬಿಣ-ಕಾಂಕ್ರೀಟಿನ ಮಾತು ಬಂದಲ್ಲಿ ಸಿವಿಲ್ ಇಂಜಿನಿಯರ್ ಆಗಿರುವ ನನ್ನ ಮೈದುನನನ್ನು ಕೇಳಿಯೇ ಬರೆದಿದ್ದೇನೆ.

ಪ್ರಶ್ನೆ: ಅಕ್ಕಾರ, ಹುಬ್ಬಳ್ಳಿ ಗದಗ ರಸ್ತೆ ಕಡೆ ನಮ್ಮ ಮನಿ ಅದ. ಮೊಮ್ಮಕ್ಕಳು ರಜಾಕ್ಕ ಬರ್ತಾರಂತ ಹಿತ್ತಲದಾಗ 8 ಮೀಟರ್ ಉದ್ದ, 4 ಮೀಟರ್ ಅಗಲದ ಈಜುಕೊಳ ಮಾಡಸಬೇಕಂತೀನಿ. ಜಾಗಾ ಎಲ್ಲಾ ಎರಿ ಮಣ್ಣು. ಒಂಬತ್ತು ಇಂಚಿನ ಇಟ್ಟಂಗಿ ಗೋಡೆ ಕಟ್ಟಿ, ಗಿಲಾವು ಮಾಡಿ, ಟೈಲ್ಸ್ ಹಚ್ಚಿದ್ರ ಸಾಕು ಅಂತಾನ ಗುತ್ತಿಗೆದಾರ. ಖರೇನ?
— ನಿವೃತ್ತ ಬ್ಯಾಂಕ್ ನೌಕರ, ಹುಬ್ಬಳ್ಳಿ

ಉತ್ತರ: ಸಾಹೇಬರ, ಆ ಗುತ್ತಿಗೆದಾರನಿಗೆ ಒಂದು ಕಪ್ ಚಹಾ ಕುಡಿಸಿ ಕಳಿಸಿಬಿಡ್ರಿ. ಏಪ್ರಿಲ್‌ನಲ್ಲಿ ನಿಮ್ಮ ಹಿತ್ತಲ ನೆಲದ ಬಿರುಕಿನಲ್ಲಿ ಕೈ ತೂರುತ್ತದೆ. ಅದೇ ನೆಲ ಆಗಸ್ಟ್‌ನಲ್ಲಿ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಹಿಗ್ಗಿ ಕುಗ್ಗುವ ಮಣ್ಣಿನ ನಡುವೆ ಇಟ್ಟಂಗಿ ಗೋಡೆ ನಿಲ್ಲುವುದಿಲ್ಲ. ಮೊದಲು ಟೈಲ್ಸ್ ಸಂದಿ ಬಿಡುತ್ತದೆ, ಆಮೇಲೆ ಮೂಲೆ ಸೀಳುತ್ತದೆ. ಸೀಳಿನಿಂದ ಸೋರಿದ ನೀರು ಅದೇ ಎರಿಯನ್ನು ಇನ್ನಷ್ಟು ಉಬ್ಬಿಸುತ್ತದೆ.

ನಿಮ್ಮ ಮಣ್ಣು ಎಷ್ಟು ಉಬ್ಬುತ್ತದೆ ಎಂದು ಮೊದಲು ನೋಡಿ. ಲ್ಯಾಬಿನಲ್ಲಿ ಮಾಡುವ ಪರೀಕ್ಷೆ ಬಹಳ ಸರಳ. ಒಣಗಿಸಿ, ಪುಡಿ ಮಾಡಿ, ಸಣ್ಣ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಗಾಜಿನ ಅಳತೆ ಕೊಳವೆಗಳಿಗೆ ಹಾಕುತ್ತಾರೆ. ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಕಡ್ಡಿಯಿಂದ ಗಾಳಿಗುಳ್ಳೆ ಬಿಡಿಸಿ ಒಂದು ದಿನ ಇಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಸೀಮೆಎಣ್ಣೆಯಲ್ಲಿ 12 ಮಿಲಿ, ನೀರಿನಲ್ಲಿ 21 ಮಿಲಿ ಬಂತು ಅಂದರೆ ಉಬ್ಬು ಶೇ. 75. ಶೇ. 50 ದಾಟಿದ ಮಣ್ಣನ್ನು ನಂಬಬೇಡಿ. ಯಾವುದಾದರೂ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ವಿಚಾರಿಸಿದರೆ ಮಾಡಿಕೊಡುತ್ತಾರೆ.

ಇನ್ನು ಮೈದುನನ ಮಾತು. ಕೊಳದ ತಳಕ್ಕಿಂತ ಕೆಳಗೂ ಸುತ್ತಲೂ ಎರಿ ತೆಗೆದು ಗರಸು ತುಂಬಬೇಕು. ಒಮ್ಮೆಲೇ ಸುರಿಯಬಾರದು. ಗೇಣು ಗೇಣು ಹಾಸಿ, ನೀರು ಹೊಡೆದು, ಧಮಾಸು ಮಾಡುತ್ತ ಬರಬೇಕು. ಕೊಳದ ತಳ, ಗೋಡೆ ಎರಡೂ ಒಂದೇ ಪೆಟ್ಟಿಗೆಯಂತೆ ಕಬ್ಬಿಣ ಕಟ್ಟಿದ ಆರ್‌ಸಿಸಿ ಆಗಬೇಕು, ಕಾಂಕ್ರೀಟಿನ ಬಲದ ದರ್ಜೆ ಎಂ25ಕ್ಕೆ ಕಡಿಮೆ ಬೇಡ. ಕ್ಯೂರಿಂಗ್ ಮುಗಿದ ಮೇಲೆ ಟೈಲ್ಸ್‌ಗೆ ಅವಸರ ಮಾಡದೆ, ನೀರು ತುಂಬಿಸಿ ಒಂದು ವಾರ ಬಿಡಿ. ಮಟ್ಟ ಇಳಿಯಿತೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಟೈಲ್ಸ್ ಹಚ್ಚಿದ ಮೇಲೆ ಸೋರಿಕೆ ಹುಡುಕುವುದು ದೇವರಿಗೂ ಕಷ್ಟ.

ಇನ್ನೊಂದನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಖಾಲಿ ಕೊಳ ತೇಲುತ್ತದೆ! ಸರಾಸರಿ 1.2 ಮೀಟರ್ ಆಳ ಇಟ್ಟರೆ ನಿಮ್ಮ ಕೊಳಕ್ಕೆ 38,400 ಲೀಟರ್ ನೀರು ಬೇಕು, ಅಂದರೆ 38 ಟನ್‌ಗೂ ಮೇಲೆ ತೂಕ. ಆ ತೂಕವೇ ಕೊಳವನ್ನು ನೆಲದಲ್ಲಿ ಒತ್ತಿ ಹಿಡಿದಿರುತ್ತದೆ. ಮಳೆಗಾಲದಲ್ಲಿ ಸುತ್ತಲ ಮಣ್ಣು ನೀರು ಕುಡಿದು ನಿಂತಾಗ ನೀವು ಕೊಳ ತೊಳೆಯಲು ಖಾಲಿ ಮಾಡಿದರೆ, ಕೆಳಗಿನ ನೀರು ಇಡೀ ಪೆಟ್ಟಿಗೆಯನ್ನು ಮೇಲಕ್ಕೆ ಎತ್ತಬಹುದು, ಇಲ್ಲವೇ ತಳ ಒಡೆಯಬಹುದು. ಅದಕ್ಕೇ ತಳದ ಕೆಳಗೆ ಜಲ್ಲಿ ಹಾಸಿ, ತೂತಿನ ಪೈಪು ಇಟ್ಟು, ನೀರು ಒಂದು ಸಂಪಿಗೆ ಬರುವಂತೆ ಮಾಡಿಸಿ. ತಳದ ಡ್ರೇನಿನಲ್ಲಿ ಹೈಡ್ರೋಸ್ಟ್ಯಾಟಿಕ್ ವಾಲ್ವ್ ಕೂಡಿಸಿ. ಹೊರಗಿನ ಒತ್ತಡ ಹೆಚ್ಚಾದಾಗ ಅದು ತಾನೇ ತೆರೆದು ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ವಾಸ್ತು ಕೇಳೇ ಕೇಳುತ್ತೀರಿ, ಈಶಾನ್ಯ ಅನ್ನುತ್ತಾರೆ. ಆಗಲಿ, ಆದರೆ ಮನೆಯ ಬುನಾದಿಯಿಂದ ಗುಂಡಿಯ ಆಳದ ಎರಡು ಪಟ್ಟಾದರೂ ದೂರವಿರಲಿ. ಬೇವಿನ ಮರದ ಕೆಳಗಂತೂ ಬೇಡ, ಎಲೆ ಉದುರುವ ದಿನಗಳಲ್ಲಿ ದಿನವಿಡೀ ಜಾಳಿಗೆ ಹಿಡಿದು ನಿಲ್ಲಬೇಕಾಗುತ್ತದೆ. ಮೊಮ್ಮಕ್ಕಳಿಗಾಗಿ ಅಂದಿರಿ: ಒಂದು ತುದಿ 0.9, ಇನ್ನೊಂದು 1.5 ಮೀಟರ್ ಇದ್ದರೆ ನಾನು ಹೇಳಿದ ಸರಾಸರಿಯೇ ಬಂತು. ತಲೆಕೆಳಗಾಗಿ ಜಿಗಿಯಲು ಈ ಆಳ ಸಾಲದು, ಅದನ್ನು ಮಕ್ಕಳಿಗೆ ಖಡಕ್ಕಾಗಿ ಹೇಳಿ. ಸುತ್ತ ನಾಲ್ಕಡಿ ಎತ್ತರದ ಬೇಲಿ, ತಾನಾಗೇ ಮುಚ್ಚಿ ಚಿಲಕ ಬೀಳುವ ಗೇಟು ಬೇಕು. ತಳದಲ್ಲಿ ಒಂದೇ ಡ್ರೇನ್ ಬೇಡ, ದೂರ ದೂರ ಎರಡಿರಲಿ, ಎರಡಕ್ಕೂ ಗಟ್ಟಿ ಜಾಳಿಗೆ ಮುಚ್ಚಳ ಇರಲಿ. ಒಂದೇ ಇದ್ದರೆ ಪಂಪಿನ ಎಳೆತಕ್ಕೆ ಮಗುವಿನ ಕೂದಲು, ಕೈ ಅಂಟಿಕೊಂಡು ಬಿಡುತ್ತವೆ. ಪಂಪಿನ ಲೈನಿಗೆ 30 ಮಿಲಿಆಂಪಿಯರ್ ಕರೆಂಟ್ ಸೋರಿಕೆಗೇ ಬೀಳುವ ಸ್ವಿಚ್ಚು (ಆರ್‌ಸಿಸಿಬಿ), ನೀರೊಳಗಿನ ದೀಪಕ್ಕೆ 12 ವೋಲ್ಟ್. ಇಲ್ಲಿ ದುಡ್ಡು ಉಳಿಸುವ ವಿಚಾರ ಬೇಡ. ಅಗೆಯುವ ಮೊದಲು ಪಾಲಿಕೆಯಲ್ಲಿ ಪರವಾನಗಿ ವಿಚಾರಿಸಿ.

ಪ್ರಶ್ನೆ: ನಮ್ಮದು ಗದಗ. ಫಾರ್ಮ್‌ಹೌಸಿನಲ್ಲಿ 30,000 ಲೀಟರಿನ ಕೊಳವಿದೆ, ಬೋರ್ ನೀರು. ಟೈಲ್ಸ್ ಮೇಲೆ ನೀರಿನ ಗೆರೆಯುದ್ದಕ್ಕೂ ಬಿಳಿ ಹೊಪ್ಪಳಿಕೆ. ಮಳೆ ಬಂದ ಎರಡೇ ದಿನಕ್ಕೆ ನೀರು ಹಸಿರು. ಕ್ಲೋರಿನ್ ಗುಳಿಗೆ ಹಾಕುತ್ತಲೇ ಇದ್ದೇವೆ, ಉಪಯೋಗವಿಲ್ಲ. ಮೈಲುತುತ್ತ ಹಾಕು ಎನ್ನುತ್ತಾರೆ.
— ಓದುಗರು, ಗದಗ

ಉತ್ತರ: ಮೈಲುತುತ್ತವನ್ನು ದ್ರಾಕ್ಷಿ ತೋಟದವರಿಗೆ ಬಿಡಿ. ತಾಮ್ರ ಉಳಿದುಕೊಂಡು ಗಿಲಾವಿಗೆ ಕಲೆ ಹಿಡಿಸುತ್ತದೆ.

ಬಿಳಿ ಹೊಪ್ಪಳಿಕೆ ಅಂದರೆ ಸುಣ್ಣ. ಗಡಸು ನೀರು, ಬಿಸಿಲು, ಏರಿದ ಪಿಎಚ್ ಮೂರೂ ಸೇರಿದರೆ ಸುಣ್ಣ ಹೊರಬೀಳುತ್ತದೆ. ಕೊಳದ ಪಿಎಚ್ 7.2ರಿಂದ 7.8ರೊಳಗೆ ಇರಬೇಕು, ನಿಮ್ಮ ನೀರಿಗೆ 7.2-7.4ರ ಕಡೆಗೇ ಇಡಿ. ಪಿಎಚ್ ಇಳಿಸಲು ಮ್ಯುರಿಯಾಟಿಕ್ ಆಸಿಡ್ (ಹೈಡ್ರೋಕ್ಲೋರಿಕ್ ಆಮ್ಲ) ಬಳಸುವಾಗ ಬಕೆಟ್ಟಿನಲ್ಲಿ ಮೊದಲು ನೀರು, ಆಮೇಲೆ ಅದಕ್ಕೆ ಆಸಿಡ್. ತಿರುಗಾ ಮುರುಗಾ ಮಾಡಿದರೆ ಮುಖಕ್ಕೆ ಸಿಡಿಯುತ್ತದೆ.

ಇನ್ನು ಹಸಿರು. ತಪ್ಪು ಗುಳಿಗೆಯಲ್ಲೇ ಇದೆ. ಟಿಸಿಸಿಎ ಎಂಬ ಆ ಗುಳಿಗೆ ಕ್ಲೋರಿನ್ ಜೊತೆಗೆ ಸಯನ್ಯೂರಿಕ್ ಆಮ್ಲವನ್ನೂ ಬಿಡುತ್ತದೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ಹಿಡಿಯಲು ಅದು 30-50 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಇದ್ದರೆ ಒಳ್ಳೆಯದೇ. ಕ್ಲೋರಿನ್ ತನ್ನ ಕೆಲಸ ಮಾಡಿ ಮುಗಿದುಹೋಗುತ್ತದೆ, ಆಮ್ಲ ಮಾತ್ರ ಕೂಡುತ್ತಲೇ ಹೋಗುತ್ತದೆ. 100 ದಾಟಿದರೆ ನೀರಿನಲ್ಲಿ ಕ್ಲೋರಿನ್ ಇದ್ದೂ ಇಲ್ಲದ ಹಾಗೆ. ಅದನ್ನು ತೆಗೆಯುವ ಪುಡಿ, ಔಷಧಿ ಹುಡುಕಬೇಡಿ. ಮಳೆ ಬಿಡುವಿದ್ದಾಗ ಮೂರನೇ ಒಂದು ಭಾಗ ನೀರು ಹೊರಹಾಕಿ ಹೊಸದು ತುಂಬಿ, ಮತ್ತೆ ಪರೀಕ್ಷಿಸಿ.

ಆಮೇಲೆ ಗೋಡೆ, ತಳವನ್ನೆಲ್ಲ ಬ್ರಷ್ಷಿನಿಂದ ತಿಕ್ಕಿ. ಪಿಎಚ್ 7.2ಕ್ಕೆ ಇಳಿಸಿ. ಸಂಜೆ ಹೊತ್ತು ಮುಳುಗಿದ ಮೇಲೆ 10 ಪಿಪಿಎಂ ಕ್ಲೋರಿನ್ ಕೊಡಿ. ನಿಮ್ಮ 30,000 ಲೀಟರಿಗೆ ಅದು 300 ಗ್ರಾಂ ಕ್ಲೋರಿನ್. ಶೇ. 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ 460 ಗ್ರಾಂ ಹತ್ತಿರ. ಆದರೆ ಮೊದಲೇ ಸುಣ್ಣ ತುಂಬಿದ ನೀರಿಗೆ ಇನ್ನೂ ಸುಣ್ಣ ಏಕೆ? ನಿಮಗೆ ದ್ರವ ಸೋಡಿಯಂ ಹೈಪೋಕ್ಲೋರೈಟೇ ಸರಿ, ಶೇ. 10ರದ್ದು 3 ಲೀಟರ್. ಬಿಸಿಲಲ್ಲಿ ಇಟ್ಟ ಕ್ಯಾನು ಶಕ್ತಿ ಕಳೆದುಕೊಂಡಿರುತ್ತದೆ, ತಾಜಾ ಮಾಲು ಕೇಳಿ ತನ್ನಿ. ರಾತ್ರಿಯಿಡೀ ಪಂಪ್ ಓಡಲಿ. ನೀರು ತಿಳಿಯಾಗಿ, ಕ್ಲೋರಿನ್ 3ಕ್ಕೆ ಇಳಿಯುವ ತನಕ ಯಾರೂ ಇಳಿಯಬಾರದು. ದಿನನಿತ್ಯಕ್ಕೆ 2-3 ಇರಲಿ.

ಸ್ಯಾಂಡ್ ಫಿಲ್ಟರಿನ ಮೀಟರ್ ನೋಡುವ ಚಟ ಬೆಳೆಸಿಕೊಳ್ಳಿ. ತೊಳೆದ ಹೊಸತರಲ್ಲಿ ಇದ್ದ ಒತ್ತಡಕ್ಕಿಂತ ಮುಳ್ಳು 8-10 ಪಿಎಸ್‌ಐ ಏರಿದರೆ ಬ್ಯಾಕ್‌ವಾಶ್ ಮಾಡಿ, ಅಂದರೆ ನೀರನ್ನು ಹಿಮ್ಮುಖ ಹರಿಸಿ ಮರಳು ತೊಳೆಯಿರಿ. ಗಾಜಿನ ಕಿಂಡಿಯಲ್ಲಿ ನೀರು ತಿಳಿಯಾಗುವವರೆಗೆ ಸಾಕು. ವಾಲ್ವ್ ಹಿಡಿಕೆ ತಿರುಗಿಸುವಾಗ ಪಂಪ್ ಬಂದ್ ಇರಬೇಕು, ಇಲ್ಲವಾದರೆ ಒಳಗಿನ ಗ್ಯಾಸ್ಕೆಟ್ ಹರಿಯುತ್ತದೆ.

ಪರೀಕ್ಷೆಯ ನೀರನ್ನು ಮೇಲ್ಮೈಯಿಂದ ಎತ್ತಬೇಡಿ. ಬಾಟಲಿಯನ್ನು ಬೋರಲು ಹಿಡಿದು ಮೊಣಕೈ ಆಳಕ್ಕೆ ಇಳಿಸಿ, ಅಲ್ಲಿ ತಿರುಗಿಸಿ ತುಂಬಿಕೊಳ್ಳಿ. ಪಿಎಚ್‌ಗೆ ಹಾಕುವ ಫಿನಾಲ್ ರೆಡ್ ನೇರಳೆಗೆ ತಿರುಗಿದರೆ ಪಿಎಚ್ ಏರಿದೆ ಎಂದು ಗಾಬರಿಯಾಗಿ ಆಸಿಡ್ ಸುರಿಯಬೇಡಿ. ಕ್ಲೋರಿನ್ ಅತಿಯಾದಾಗಲೂ ಆ ಬಣ್ಣ ಬರುತ್ತದೆ.

ಗುಳಿಗೆ ಡಬ್ಬಿ, ಹೈಪೋ (ಕ್ಯಾಲ್ಸಿಯಂ ಹೈಪೋಕ್ಲೋರೈಟ್) ಪುಡಿ, ಆಸಿಡ್ ಕ್ಯಾನು ಮೂರೂ ಒಂದೇ ಕಪಾಟಿನಲ್ಲಿ ಇದ್ದರೆ ಈ ಪತ್ರಿಕೆ ಕೆಳಗಿಟ್ಟು ಮೊದಲು ಬೇರೆ ಮಾಡಿ ಬನ್ನಿ. ಗುಳಿಗೆಗೆ ಹೈಪೋ ಪುಡಿ ತಾಗಿದರೆ ಬೆಂಕಿ ಏಳಬಹುದು, ಆಸಿಡ್ ತಾಗಿದರೆ ವಿಷಗಾಳಿ.

ಪ್ರಶ್ನೆ: ನಮ್ಮ ಹೊಲದಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಇದೆ. ಮಕ್ಕಳಿಗೆ ಅದರಲ್ಲೇ ಈಜು ಕಲಿಸಿದರೆ ಬೇರೆ ಕೊಳದ ಖರ್ಚು ಉಳಿಯುತ್ತದಲ್ಲ?
— ರೈತ, ಬ್ಯಾಡಗಿ ತಾಲ್ಲೂಕು

ಉತ್ತರ: ಬೇಡ. ಟ್ಯೂಬ್ ಕಟ್ಟಿದರೂ ಬೇಡ, ನೀವು ಜೊತೆಗಿದ್ದರೂ ಬೇಡ.

ಹೊಂಡದ ಇಳಿಜಾರಿಗೆ ಹಾಸಿದ ಹಾಳೆಯ ಮೇಲೆ ಪಾಚಿ ಕಟ್ಟಿರುತ್ತದೆ, ಅದರ ಮೇಲೆ ಈಜು ಬಲ್ಲ ಗಂಡಾಳೂ ಕಾಲೂರಿ ಮೇಲೆ ಬರಲಾರ. ಹತ್ತಿದಷ್ಟೂ ಜಾರುತ್ತಾನೆ. ಮಗುವನ್ನು ಎತ್ತಲು ಇಳಿದವರೂ ಹೋಗುವುದು ಹಾಗೇ. ನಮ್ಮ ಹಿರಿಯರು ಭಾವಿಯಲ್ಲಿ ಈಜು ಕಲಿತರು ನಿಜ, ಆದರೆ ಆ ಭಾವಿಗೆ ಪಾವಟಿಗೆ ಇದ್ದವು. ಲಕ್ಕುಂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಭಾವಿಗಳನ್ನು ನೋಡಿ ಬನ್ನಿ, ಮೆಟ್ಟಿಲು ನೀರಿನ ತನಕ ಇಳಿಯುತ್ತವೆ.

ಈ ವಾರವೇ ಹೊಂಡದ ಸುತ್ತ ತಂತಿ ಬೇಲಿ ಹಾಕಿಸಿ. ನಾಲ್ಕೂ ಬದಿಗೆ ಗೂಟ ಹುಗಿದು, ಮೊಳಕ್ಕೊಂದು ಗಂಟು ಹಾಕಿದ ದಪ್ಪ ಹಗ್ಗ ನೀರಿನೊಳಗೆ ಇಳಿಬಿಡಿ. ಗಾಳಿ ತುಂಬಿದ ಲಾರಿ ಟ್ಯೂಬ್ ಒಂದು ದಂಡೆಯ ಮೇಲೆ ಸದಾ ಇರಲಿ. ಈಜು ಕಲಿಸಲು ಪೇಟೆಯ ಈಜುಕೊಳಕ್ಕೇ ಕರೆದುಕೊಂಡು ಹೋಗಿ.

ಪ್ರಶ್ನೆ: ಮಗಳು-ಅಳಿಯ ಅಮೆರಿಕದ ಮಿಷಿಗನ್‌ದಾಗ ಇದ್ದಾರ. ಅಕ್ಟೋಬರ್‌ನಾಗ ಅಳಿಯಂದಿರು ಪೈಪಿಗೆ ಗಾಳಿ ಊದಿ, ಬಿರಡೆ ಜಡಿದು, ಕೊಳಕ್ಕ ಹೊದಿಕಿ ಹೊಚ್ಚಿ, ಇನ್ನ ಬೇಸಿಗಿಗೇ ತಗಿಯೋದು ಅಂದ್ರು. ಧಾರವಾಡದ ನಮ್ಮ ಕೊಳಾ ನೋಡ್ಕೊಳ್ಳಾವ ಈಗ ತಾನೂ ಡಿಸೆಂಬರ್‌ನಾಗ ಹಂಗ ಮಾಡಿಕೊಡ್ತೀನಿ, ನೀರು ಪೂರ್ತಿ ಖಾಲಿ ಮಾಡಿ ಪೈಪಿಗೆ ಆಂಟಿಫ್ರೀಜ್ ಹಾಕ್ತೀನಿ ಅಂತ ರೊಕ್ಕಾ ಕೇಳ್ಯಾನ. ಕೊಡಬೇಕೇನ್ರಿ?
— ಗೃಹಿಣಿ, ಮಾಳಮಡ್ಡಿ, ಧಾರವಾಡ

ಉತ್ತರ: ವೈನಿ, ಒಂದು ಪೈಸಾ ಕೊಡಬ್ಯಾಡ್ರಿ.

ಅಳಿಯಂದಿರು ಮಾಡಿದ್ದು ಅಲ್ಲಿಗೆ ಸರಿ. ನೀರು ಹೆಪ್ಪುಗಟ್ಟಿದಾಗ ಶೇ. 9ರಷ್ಟು ಹಿಗ್ಗುತ್ತದೆ. ನೆಲದೊಳಗಿನ ಪೈಪಿನಲ್ಲಿ ಒಂದು ಮೊಳ ನೀರು ಉಳಿದರೂ ಮಿಷಿಗನ್ನಿನ ಜನವರಿ ಅದನ್ನು ಸೀಳುತ್ತದೆ. ಅದಕ್ಕೇ ಕೊಳದ ನೀರು 18 ಡಿಗ್ರಿಗಿಂತ ಕೆಳಗಿಳಿದು ಪಾಚಿ ಮಂದವಾದ ಮೇಲೆ ಅವರು ಕೆಲಸ ಶುರು ಮಾಡುತ್ತಾರೆ. ಮೊದಲು ಪಿಎಚ್, ಕ್ಷಾರ (ಪಿಎಚ್ ಏರಿಳಿಯದಂತೆ ಹಿಡಿಯುವ ಅಂಶ), ಗಡಸು ಸರಿ ಮಾಡುತ್ತಾರೆ, ಯಾಕೆಂದರೆ ಅದೇ ನೀರು ತಿಂಗಳುಗಟ್ಟಲೆ ಗೋಡೆಗೆ ತಾಗಿ ನಿಲ್ಲಬೇಕು. ಆಮೇಲೆ ನೀರನ್ನು ಸ್ಕಿಮ್ಮರಿನ (ಮೇಲೆ ತೇಲುವ ಕಸ ಎಳೆದುಕೊಳ್ಳುವ ಗೋಡೆಯ ಕಿಂಡಿ) ಬಾಯಿಗಿಂತ ಕೆಳಗಿಳಿಸಿ, ಕಂಪ್ರೆಸರ್‌ನಿಂದ ಪೈಪಿನ ನೀರನ್ನೆಲ್ಲ ಊದಿ ಹೊರಹಾಕಿ, ರಬ್ಬರ್ ಬಿರಡೆ ಬಿಗಿಯುತ್ತಾರೆ. ಪಂಪ್, ಫಿಲ್ಟರ್, ಹೀಟರುಗಳ ತಳದ ಬಿರಡೆ ಬಿಚ್ಚಿ ಬರಿದು ಮಾಡುತ್ತಾರೆ. ಸಂಶಯವಿದ್ದ ಪೈಪಿಗೆ ಪ್ರೊಪಿಲೀನ್ ಗ್ಲೈಕಾಲ್ ಆಂಟಿಫ್ರೀಜ್ ಹಾಕುತ್ತಾರೆ. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಅಲ್ಲ, ಅದು ವಿಷ. ಇಷ್ಟಾದರೂ ಒಂದು ಗಮನಿಸಿದಿರಾ? ಅವರು ಕೊಳವನ್ನು ಪೂರ್ತಿ ಖಾಲಿ ಮಾಡುವುದಿಲ್ಲ. ಮೇಲೆ ಹುಬ್ಬಳ್ಳಿಯವರಿಗೆ ಹೇಳಿದ ಕಾರಣಕ್ಕೇ.

ನಮ್ಮ ಧಾರವಾಡದ ಡಿಸೆಂಬರ್ ಬೆಳಗಿಗೆ ನಾವು ಮಫ್ಲರ್ ಸುತ್ತಿಕೊಳ್ಳುತ್ತೇವೆ, ಪೈಪಿಗೆ ಏನೂ ಆಗುವುದಿಲ್ಲ. ಪಂಪನ್ನು ದಿನಕ್ಕೆ ಮೂರ್ನಾಲ್ಕು ತಾಸು ಓಡಿಸಿ, ವಾರಕ್ಕೊಮ್ಮೆ ತಿಕ್ಕಿ, ಕ್ಲೋರಿನ್ ನೋಡುತ್ತಿದ್ದರೆ ಮುಗಿಯಿತು. ಈಜುವವರು ಇಲ್ಲವೆಂದು ಪಂಪ್ ಬಂದ್ ಮಾಡಿ ಹಾಗೇ ಬಿಟ್ಟರೆ ಸೊಳ್ಳೆ ಸಾಕಿದಂತೆ. ಡೆಂಗಿಯ ಈಡಿಸ್ ಸೊಳ್ಳೆ ತತ್ತಿಯಿಂದ ರೆಕ್ಕೆ ತನಕ ಬರಲು ಒಂದು ವಾರ, ಹತ್ತು ದಿನ ಸಾಕು.

ನಮ್ಮ ಕೊಳಕ್ಕೆ ಕಷ್ಟಕಾಲ ಜೂನ್‌ನಿಂದ ಸೆಪ್ಟೆಂಬರ್. ಸಿದ್ಧತೆ ಮಾಡುವುದಿದ್ದರೆ ಮೇ ಕೊನೆಗೆ ಮಾಡಿ. ನೀರಿನ ಮಟ್ಟ ನಾಲ್ಕು ಬೆರಳು ಇಳಿಸಿ, ತುಂಬಿ ಹರಿಯುವ ಪೈಪಿನ ಬಾಯಿ ಬಿಡಿಸಿ. ಹಿತ್ತಲಿನ ರಾಡಿ ಕೊಳಕ್ಕೆ ಇಳಿಯದಂತೆ ಕಟ್ಟೆಯ ಇಳುಕಲು ಹೊರಗಿರಲಿ. ಮಳೆನೀರಿನಲ್ಲಿ ಕ್ಷಾರ ಇಲ್ಲವೆಂದೇ ಹೇಳಬೇಕು, ಹಾಗಾಗಿ ಜಡಿಮಳೆ ಹಿಡಿದ ವಾರ ಕ್ಷಾರವೂ ಕ್ಲೋರಿನ್ನೂ ತೆಳ್ಳಗಾಗುತ್ತವೆ. ಕ್ಷಾರ 80 ಪಿಪಿಎಂಗಿಂತ ಇಳಿದರೆ ಅಡುಗೆ ಸೋಡಾ ಹಾಕಿ. ತಾಡಪತ್ರಿ ಮಾತ್ರ ಹೊಚ್ಚಬೇಡಿ. ಅದರ ಮೇಲೆ ನಿಂತ ಮಳೆನೀರಲ್ಲೇ ಸೊಳ್ಳೆ ಹುಟ್ಟುತ್ತದೆ, ಮಗುವೋ ನಾಯಿಯೋ ನೆಲವೆಂದು ಕಾಲಿಟ್ಟರೆ ಅದರಲ್ಲೇ ಸುತ್ತಿಕೊಂಡು ಮುಳುಗುತ್ತದೆ.

ಪ್ರಶ್ನೆ: ಕೊಳದ ಹತ್ತಿರ ಹೋದರೆ ಕ್ಲೋರಿನ್ ವಾಸನೆ, ಕಣ್ಣುರಿ. ಕ್ಲೋರಿನ್ ಕಡಿಮೆ ಮಾಡಲೇ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಸಾಮಾನ್ಯವಾಗಿ ಹೆಚ್ಚು ಮಾಡಬೇಕಾಗುತ್ತದೆ. ಮೂಗಿಗೆ ಹೊಡೆಯುವುದು ಬರೀ ಕ್ಲೋರಿನ್ ಅಲ್ಲ, ಅದು ಬೆವರು, ಮೂತ್ರದ ಜೊತೆ ಸೇರಿ ಆದ ಕ್ಲೋರಮೈನ್. ಪಿಎಚ್ ನೋಡಿ, ಸಂಜೆ ಒಮ್ಮೆ ಜೋರು ಡೋಸ್ ಕೊಡಿ. ಇಳಿಯುವ ಮುನ್ನ ಎಲ್ಲರಿಗೂ ಸ್ನಾನ ಕಡ್ಡಾಯ ಮಾಡಿ, ಭಾವಂದಿರಿಗೂ.

ಪ್ರಶ್ನೆ: ಏಪ್ರಿಲ್‌ನಲ್ಲಿ ಕೊಳದ ನೀರು ದಿನಾ ಇಳಿಯುತ್ತದೆ. ಸೋರುತ್ತಿದೆಯೋ, ಆರುತ್ತಿದೆಯೋ ತಿಳಿಯುವುದು ಹೇಗೆ?
— ಸಾಧನಕೇರಿ, ಧಾರವಾಡ

ಉತ್ತರ: ಒಂದು ಬಕೆಟ್ಟಿಗೆ ಕೊಳದ ನೀರು ತುಂಬಿ ಕೊಳದ ಮೆಟ್ಟಿಲ ಮೇಲೆ ಇಡಿ. ತೇಲದಂತೆ ಒಳಗೊಂದು ಕಲ್ಲು ಹಾಕಿ. ಬಕೆಟ್ಟಿನ ಒಳಗಿನ ಮಟ್ಟವನ್ನೂ ಹೊರಗೆ ಕೊಳದ ಮಟ್ಟವನ್ನೂ ಪೆನ್ಸಿಲ್ಲಿನಿಂದ ಗುರುತು ಮಾಡಿ, ಪಂಪ್ ಬಂದ್ ಇಟ್ಟು ಮರುದಿನ ಅದೇ ಹೊತ್ತಿಗೆ ನೋಡಿ. ಎರಡೂ ಸಮ ಇಳಿದಿದ್ದರೆ ಬಿಸಿಲಿನ ಕೆಲಸ. ಕೊಳ ಹೆಚ್ಚು ಇಳಿದಿದ್ದರೆ ಸೋರಿಕೆ. ಆಗ ಪಂಪ್ ಚಾಲೂ ಇಟ್ಟು ಇನ್ನೊಂದು ದಿನ ನೋಡಿ. ಇಳಿತ ಮತ್ತೂ ಜಾಸ್ತಿಯಾದರೆ ಪೈಪನ್ನು ಹುಡುಕಿ, ಅಷ್ಟೇ ಇದ್ದರೆ ಗೋಡೆ-ತಳವನ್ನು.