ಒಂಬತ್ತು ವರ್ಷದ ಮಷಿನ್ ಕೆಲಸಕ್ಕ ಇಲ್ಲಿ ಕಾಲೇಜು ಕ್ರೆಡಿಟ್ ಸಿಗ್ತಾವೇನು?

ಮೆಕ್ಯಾನಿಕಲ್ ಡಿಪ್ಲೊಮಾ ಐತಿ, ಬೆಳಗಾವಿ ಉದ್ಯಮಬಾಗದಾಗ ಒಂಬತ್ತು ವರ್ಷ ಸಿಎನ್‌ಸಿ (ಕಂಪ್ಯೂಟರ್ ಹಿಡಿತದಾಗ ಲೋಹ ಕಡಿಯೂ ಮಷಿನ್) ನಡಿಸೀನಿ, ಗ್ರೀನ್ ಕಾರ್ಡ್ ಮ್ಯಾಲೆ ಅಮೆರಿಕಾದ ಓಹಾಯೋಕ್ಕ ಬಂದೀನಿ, ಇಲ್ಲಿ ಕಂಪನಿಯವ್ರು ಜಿಡಿ ಆ್ಯಂಡ್ ಟಿ (ಡ್ರಾಯಿಂಗಿನಾಗ ಆಕಾರ-ಅಳತೆಯ ಮಿತಿ ತೋರಿಸೂ ಪದ್ಧತಿ) ಮತ್ತ ಎಎಸ್ 9100 (ವಿಮಾನ ಉದ್ಯಮದ ಗುಣಮಟ್ಟದ ನಿಯಮ) ಆಡಿಟರ್ ಟ್ರೇನಿಂಗ್ ಕೊಟ್ಟಾರ, ಇದನ್ನೆಲ್ಲ ಹಿಡಕೊಂಡು ಡಿಗ್ರಿ ಬೇಗ ಮುಗಿಸಬಹುದೇನು ಅಂತ ಕೇಳೀರಿ. ಮುಗಿಸಬಹುದ್ರೀ. ಆದ್ರ ಒಂದ್ ಮಾತು ಮೊದಲ ತಿಳಕೋರಿ: ಇಲ್ಲಿ ಕಾಲೇಜು ನಿಮ್ಮ ವರ್ಷ ಎಣಸೂದಿಲ್ಲ. ಆ ವರ್ಷದಾಗ ಏನು ಕಲ್ತೀರಿ, ಅದು ಅವ್ರ ಯಾವ ಕೋರ್ಸಿಗೆ ಸರಿ ಹೊಂದತೈತಿ, ಅದನ್ನ ನೋಡ್ತಾರ. ಮೂರು ವರ್ಷ ಅನುಭವ ಅಂದ್ರ ಒಂದು ವರ್ಷ ಓದು ಅಂತ ನಮ್ಮ ಮಂದಿ ಹೇಳೂದು ಎಚ್-1ಬಿ ಅನ್ನೂ ಕೆಲಸದ ವೀಸಾ ಅರ್ಜಿಯ ಲೆಕ್ಕ. ಕಾಲೇಜಿಗೂ ಅದಕ್ಕೂ ಸಂಬಂಧ ಇಲ್ಲ.

ಕ್ರೆಡಿಟ್ ಅಂದ್ರ ಕಾಲೇಜು ಓದನ್ನ ಎಣಸೂ ಅಳತೆ. ಬ್ಯಾಚಲರ್ ಡಿಗ್ರಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಹೊರಗಿನ ಕಲಿಕೆಯಿಂದ ಎಷ್ಟೇ ತಂದ್ರೂ ಬಹಳಷ್ಟು ಕಾಲೇಜಿನಾಗ ಸುಮಾರು 30 ಕ್ರೆಡಿಟ್ ಅವ್ರ ಹತ್ರನೇ ಓದಬೇಕು. ಅದಕ್ಕ ಡಿಗ್ರಿ ಎಲ್ಲಿ ಮುಗಿಸೂದು ಅನ್ನೂದನ್ನ ಮೊದಲ ಗಟ್ಟಿ ಮಾಡ್ರಿ, ಕ್ರೆಡಿಟ್ ಆಮ್ಯಾಲೆ ಕೂಡಸ್ರಿ. ಒಂದು ಕಾಲೇಜು ಅನುಭವ ನೋಡಿ ಕೊಟ್ಟ ಕ್ರೆಡಿಟ್ ಇನ್ನೊಂದು ಕಾಲೇಜು ತಗೊಳ್ಳೂದಿಲ್ಲ ಅನ್ನೂದು ಭಾಳ ಸಲ ಆಗತೈತಿ, ಕೊಟ್ಟ ರೊಕ್ಕ ನೀರಾಗ ಹೋಗತೈತಿ. ನ್ಯೂಜೆರ್ಸಿಯ ಥಾಮಸ್ ಎಡಿಸನ್, ನ್ಯೂಯಾರ್ಕಿನ ಎಕ್ಸೆಲ್ಸಿಯರ್, ಕನೆಕ್ಟಿಕಟ್‌ನ ಚಾರ್ಟರ್ ಓಕ್, ಈ ಮೂರೂ 1970ರ ದಶಕದಾಗ ಕೆಲಸ ಮಾಡೂ ದೊಡ್ಡವ್ರ ಸಲುವಾಗೇ ಹುಟ್ಟಿದ್ದು. ಅವನ್ನೂ ನೋಡ್ರಿ, ನಿಮ್ಮ ರಾಜ್ಯದ ಕಾಲೇಜನ್ನೂ ನೋಡ್ರಿ.

ಕ್ರೆಡಿಟ್ ಬರೂ ದಾರಿ ನಾಕು. ಮೊದಲನೇದು ನಿಮ್ಮ ಡಿಪ್ಲೊಮಾ. ನೇಸಸ್ (ಹೊರದೇಶದ ಓದನ್ನ ತೂಗೂ ಸಂಸ್ಥೆಗಳ ಒಕ್ಕೂಟ) ಸದಸ್ಯ ಸಂಸ್ಥೆಯಿಂದ, ಉದಾಹರಣೆಗೆ ಡಬ್ಲ್ಯುಇಎಸ್‌ನಿಂದ, ಒಂದೊಂದು ವಿಷಯದ ಮೌಲ್ಯಮಾಪನ ಮಾಡಸ್ರಿ. ಬರೇ ಸರ್ಟಿಫಿಕೇಟಿನ ಮೌಲ್ಯಮಾಪನ ಸೋವಿ, ಆದ್ರ ಕ್ರೆಡಿಟಿಗೆ ಉಪಯೋಗಿಲ್ಲ. ವಿಟಿಯು ಬೆಳಗಾವಿ ಹತ್ರದ ಮಚ್ಛೆಯಾಗೇ ಐತೆಲ್ಲ ಅಂತ ಮನಿಯವ್ರನ್ನ ಅಲ್ಲಿಗೆ ಓಡಸಬ್ಯಾಡ್ರಿ. ಡಿಪ್ಲೊಮಾ ಅಂಕಪಟ್ಟಿ ಬೆಂಗಳೂರಿನ ತಾಂತ್ರಿಕ ಪರೀಕ್ಷಾ ಮಂಡಳಿದು.

ಎರಡನೇದು ಎಸಿಇ, ಅಂದ್ರ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್. ಕಂಪನಿ ಟ್ರೇನಿಂಗ್‌ಗಳನ್ನ ಇವ್ರು ಪರಿಶೀಲನೆ ಮಾಡಿ ಇಷ್ಟು ಕ್ರೆಡಿಟ್ ಕೊಡಬಹುದು ಅಂತ ಶಿಫಾರಸು ಬರೀತಾರ. ಕಾಂಪ್‌ಟಿಯಾದ ಐಟಿ ಪರೀಕ್ಷೆಗಳು, ಗೂಗಲ್‌ನ ಐಟಿ ಸಪೋರ್ಟ್ ಸರ್ಟಿಫಿಕೇಟ್ ಅದರಾಗ ಅದಾವು. ನಿಮ್ಮ ಜಿಡಿ ಆ್ಯಂಡ್ ಟಿ ಕಲಿಸಿದ ಸಂಸ್ಥೆ ಯಾವುದು, ಆ ಕೋರ್ಸು ಎಸಿಇ ಶಿಫಾರಸುಗಳ ಪಟ್ಟಿಯಾದ ನ್ಯಾಷನಲ್ ಗೈಡ್‌ನಾಗ ಐತೋ ಇಲ್ಲೋ ಹುಡುಕ್ರಿ. ನೀವು ಕಲ್ತ ದಿನಾಂಕ ಶಿಫಾರಸಿನ ಅವಧಿಯೊಳಗ ಬರಬೇಕು. ಇದು ಶಿಫಾರಸು ಅಷ್ಟ. ಒಪ್ಪೂದು ಬಿಡೂದು ಕಾಲೇಜಿಗೆ ಬಿಟ್ಟದ್ದು.

ಮೂರನೇದು ಕ್ಲೆಪ್, ಅಂದ್ರ ಕೋರ್ಸಿಗೆ ಕೂಡದೇ ಬರದು ಕ್ರೆಡಿಟ್ ತಗೊಳ್ಳೂ ಪರೀಕ್ಷೆ. ಗಣಿತ, ಇತಿಹಾಸ, ಅರ್ಥಶಾಸ್ತ್ರದಂಥಾ ಸಾಮಾನ್ಯ ವಿಷಯಕ್ಕ. ಅಂಕ 20ರಿಂದ 80, ಕ್ರೆಡಿಟ್ ಕೊಡಾಕ ಎಸಿಇ ಶಿಫಾರಸು 50. ನಪಾಸಾದ್ರ ಅದೇ ಪರೀಕ್ಷೆಗೆ ಮೂರು ತಿಂಗಳು ಕಾಯಬೇಕು.

ನಾಕನೇದು ಪೋರ್ಟ್‌ಫೋಲಿಯೊ, ಅಂದ್ರ ಕೆಲಸದಾಗ ಕಲ್ತದ್ದನ್ನ ಬರದು ಪುರಾವೆ ಹಚ್ಚಿದ ಕಡತ. ನಿಮ್ಮ ಒಂಬತ್ತು ವರ್ಷ ಬೆಲೆ ಬಾಳೂದು ಇಲ್ಲೇ, ಎಲ್ಲಾರೂ ಎಡವೂದೂ ಇಲ್ಲೇ. ಕಾಲೇಜಿನ ಒಂದು ಕೋರ್ಸು ಆರಿಸಿ, ಅದರ ಸಿಲಬಸ್‌ನಾಗ ಬರದ ಒಂದೊಂದು ಕಲಿಕೆಗೂ ನೀವು ಉತ್ತರ ಬರದು, ಪುರಾವೆ ಹಚ್ಚಬೇಕು. "ಒಂಬತ್ತು ವರ್ಷ ಬೋರಿಂಗ್ ಮಾಡೀನಿ" ಅಂತ ಬರದ್ರ ಕ್ರೆಡಿಟ್ ಬರೂದಿಲ್ಲ. ಬೋರಿಂಗ್ ಬಾರ್ (ಲೋಹದಾಗಿನ ತೂತು ದೊಡ್ಡದು ಮಾಡೂ ಸರಳು) ತನ್ನ ವ್ಯಾಸದ ನಾಕು ಪಟ್ಟಿಗಿಂತ ಹೆಚ್ಚು ಹೊರಗ ಚಾಚಿದ್ರ ಉಕ್ಕಿನ ಬಾರ್ ಯಾಕ ನಡಗತೈತಿ, ಫಿನಿಶ್ ಹೆಂಗ ಕೆಡತೈತಿ, ಕಾರ್ಬೈಡ್ ಬಾರ್ ಹಾಕಿದ್ರ ಯಾಕ ಆರು ಪಟ್ಟಿನ ತನಕ ತಾಳತೈತಿ, ಅದನ್ನ ಬರೀರಿ. ಪರೀಕ್ಷಕರು ಆ ವಿಷಯ ಕಲಿಸೂ ಪ್ರಾಧ್ಯಾಪಕರೇ ಇರ್ತಾರ. "ಯಾಕ" ಅನ್ನೂದಕ್ಕ ಉತ್ತರ ಇಲ್ಲಾಂದ್ರ ಅವ್ರಿಗೆ ತಕ್ಷಣ ಗೊತ್ತಾಗತೈತಿ. ಇನ್ನೊಂದು, ಗ್ರಾಹಕರ ಡ್ರಾಯಿಂಗ್ ಒಂದೂ ಹಚ್ಚಬ್ಯಾಡ್ರಿ. ವಿಮಾನದ ಭಾಗ ಆದ್ರಂತೂ ರಫ್ತು ನಿಯಂತ್ರಣ ಕಾಯ್ದೆ ಬರತೈತಿ, ಕೆಲಸಾನೇ ಹೋಗಬಹುದು. ನೀವೇ ಒಂದು ಮಾದರಿ ಭಾಗ ಬಿಡಿಸಿ, ಡೇಟಮ್ (ಅಳತೆ ಹಿಡಿಯೂ ಆಧಾರ) ಇಟ್ಟು, ಅಳತೆ ವರದಿ ತಯಾರು ಮಾಡ್ರಿ.

ಬಂದ ಕ್ರೆಡಿಟ್ ಎಲ್ಲಿ ಕೂಡತೈತಿ ಅನ್ನೂದನ್ನ ಕಾಲೇಜಿಂದ ಬರವಣಿಗೆಯಾಗ ತಗೋರಿ. 40 ಬಂದು ಎಲ್ಲಾ ಇಲೆಕ್ಟಿವ್‌ಗೆ (ಐಚ್ಛಿಕ ವಿಷಯಕ್ಕ) ಬಿದ್ರ, ಮುಖ್ಯ ವಿಷಯ ಹಂಗ ಉಳದು ಒಂದು ಸೆಮಿಸ್ಟರೂ ಕಮ್ಮಿ ಆಗದೇ ಇರಬಹುದು. ಅನುಭವ ಹೇಳ್ರಿ, ರೊಕ್ಕ ಕಟ್ಟ್ರಿ, ಡಿಗ್ರಿ ಅಂಚೆಯಾಗ ಬರತೈತಿ ಅನ್ನೂ ಜಾಹೀರಾತು ಕಂಡ್ರ ದೂರ ಇರ್ರಿ. ಮಾನ್ಯತೆ ಐತೋ ಇಲ್ಲೋ ಫೆಡರಲ್ ಶಿಕ್ಷಣ ಇಲಾಖೆಯ ಪಟ್ಟಿಯಾಗ ನೋಡಬಹುದು.

ರೊಕ್ಕದ ಮಾತಿಗೆ ಬಂದ್ರ, ಕಂಪನಿಗೆ ಓದಿನ ನೆರವಿನ ಯೋಜನೆ ಇದ್ರ ವರ್ಷಕ್ಕ 5,250 ಡಾಲರ್ ತನಕ ನಿಮಗ ತೆರಿಗೆ ಇಲ್ಲ. ಪೋರ್ಟ್‌ಫೋಲಿಯೊ ಶುಲ್ಕ ಅದರಾಗ ಬರತೈತೇನು ಅಂತ ಎಚ್‌ಆರ್‌ನವ್ರನ್ನ ಮೊದಲ ಕೇಳ್ರಿ. ನಿಮ್ಮಂಗ ಗ್ರೀನ್ ಕಾರ್ಡ್ ಇಲ್ಲದ, ಎಫ್-1 ವಿದ್ಯಾರ್ಥಿ ವೀಸಾ ಮ್ಯಾಲೆ ಬರೂ ಗೆಳೆಯಾರಿಗೆ ಇದನ್ನ ಹಂಗ ಹೇಳಬ್ಯಾಡ್ರಿ. ಅವ್ರ ಪೂರ್ಣಾವಧಿ ಲೆಕ್ಕಕ್ಕ ಒಂದು ಸೆಮಿಸ್ಟರಿಗೆ ಒಂದೇ ಆನ್‌ಲೈನ್ ಕೋರ್ಸು ನಡೀತೈತಿ, ಪೂರಾ ಆನ್‌ಲೈನ್ ಡಿಗ್ರಿಗೆ ವೀಸಾ ನಿಲ್ಲೂದಿಲ್ಲ.

ಉದ್ಯಮಬಾಗದ ನಿಮ್ಮ ಹಳೇ ಸೂಪರ್‌ವೈಸರ್ ಇನ್ನೂ ಅಲ್ಲೇ ಇದ್ರ ಈ ವಾರಾನೇ ಫೋನ್ ಹಚ್ರಿ. ಕಂಪನಿ ಲೆಟರ್‌ಹೆಡ್ ಮ್ಯಾಲೆ ಯಾವ ತಾರೀಖಿನಿಂದ ಯಾವ ತಾರೀಖಿನ ತನಕ, ಯಾವ ಮಷಿನ್, ಯಾವ ಕಂಟ್ರೋಲ್, ಪ್ರೋಗ್ರಾಂ ನೀವು ಬರದದ್ದೋ ಬರೇ ನಡಿಸಿದ್ದೋ, ಎಷ್ಟು ಟಾಲರೆನ್ಸ್ (ಅಳತೆಯಾಗ ನಡಿಯೂ ಹೆಚ್ಚುಕಮ್ಮಿ) ಹಿಡದ್ರಿ, ಇಷ್ಟು ಬರಸ್ಕೋರಿ. "ಒಳ್ಳೆ ಕೆಲಸಗಾರ" ಅಂತಷ್ಟೇ ಬರದ ಪತ್ರ ಇಲ್ಲಿ ಪುರಾವೆ ಆಗೂದಿಲ್ಲ.