ಎರಡಂತಸ್ತಿನ ಸ್ವಂತ ಮನೆಗೆ ಬೆಂಕಿಯಿಂದ ಪಾರಾಗುವ ಕಿಟಕಿ ಕಡ್ಡಾಯವೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು. ಶಿವಮೊಗ್ಗದ ಹೊರವಲಯದ ಮೂವತ್ತು-ನಲವತ್ತರ ನಿವೇಶನದಲ್ಲಿ, ಕಂಟ್ರಾಕ್ಟರಿಗೆ ಕೊಡದೆ ನೀವೇ ನಿಂತು ಮನೆ ಕಟ್ಟಿಸುತ್ತಿದ್ದೀರಿ. ಕೆಳಗೆ ತಂದೆಯವರು, ಮೇಲೆ ನೀವು ಮತ್ತು ಮಕ್ಕಳು. ಇಂಗ್ಲೆಂಡಿನವರು ತಮ್ಮ ಮನೆ ತಾವೇ ಕಟ್ಟಿಕೊಳ್ಳುವ ವಿಡಿಯೊಗಳಲ್ಲಿ ಬೆಂಕಿ ಬಿದ್ದಾಗ ಪಾರಾಗುವ ಕಿಟಕಿಯ ಬಗ್ಗೆ ಕೇಳಿದ್ದೀರಿ. ಅದು ನಮ್ಮಲ್ಲೂ ಕಡ್ಡಾಯವೇ, ಹಿಂಬದಿಗೊಂದು ಸುರುಳಿ ಮೆಟ್ಟಿಲು ಹಾಕಿಸಿದರೆ ಸಾಕೇ ಎಂಬುದು ನಿಮ್ಮ ಅನುಮಾನ. ನಾನು ಶಿವಮೊಗ್ಗ, ತೀರ್ಥಹಳ್ಳಿ ಕಡೆ ಮನೆಗಳ ನಕ್ಷೆ ಮಾಡಿಕೊಡುವ ಎಂಜಿನಿಯರ್. ಇದುವರೆಗೆ ಯಾರೂ ಈ ಪ್ರಶ್ನೆಯನ್ನು ತಾವಾಗಿ ಕೇಳಿರಲಿಲ್ಲ.

ಕಡ್ಡಾಯವಲ್ಲ. ಎರಡಂತಸ್ತಿನ ಖಾಸಗಿ ವಾಸದ ಮನೆಗೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕಿಲ್ಲ. ನಕ್ಷೆ ಮಂಜೂರಾತಿಗೆ ಹೋದಾಗ ಸುತ್ತ ಬಿಡುವ ಜಾಗ, ಎತ್ತರ, ಒಟ್ಟು ವಿಸ್ತೀರ್ಣ ನೋಡುತ್ತಾರೆ. ಮಕ್ಕಳು ಮಲಗುವ ಕೋಣೆಯಿಂದ ಹೊರಬೀಳಲು ಎಷ್ಟು ದಾರಿಗಳಿವೆ ಎಂದು ಕೇಳುವುದಿಲ್ಲ. ಭಾರತೀಯ ಮಾನಕ ಬ್ಯೂರೊ 2016ರಲ್ಲಿ ಹೊರತಂದ ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೇ ಭಾಗ ಪೂರ್ತಿ ಬೆಂಕಿಗೇ ಮೀಸಲು. ಆದರೆ ಅದರ ಕಣ್ಣು ಹೆಚ್ಚಾಗಿ 15 ಮೀಟರ್ ಮುಟ್ಟಿದ ಬಹುಮಹಡಿಗಳು, ಆಸ್ಪತ್ರೆಗಳು, ಜನ ಸೇರುವ ಸಭಾಂಗಣಗಳ ಮೇಲೆ. ಸಂಹಿತೆ ತಾನಾಗಿ ಕಾನೂನೂ ಅಲ್ಲ. ಸ್ಥಳೀಯ ಬೈಲಾಗಳು ಎಷ್ಟನ್ನು ಒಪ್ಪಿಕೊಂಡಿವೆಯೋ ಅಷ್ಟಕ್ಕೆ ಮಾತ್ರ ಬಲ. ಹಾಗಾಗಿ ಈ ವಿಷಯದಲ್ಲಿ ಸರ್ಕಾರ ನಿಮ್ಮನ್ನು ಕಾಡುವುದಿಲ್ಲ, ಕಾಪಾಡುವುದೂ ಇಲ್ಲ. ನಕ್ಷೆಯ ಹಂತದಲ್ಲಿ ನೀವೇ ಯೋಚಿಸಬೇಕು.

ಅದಕ್ಕೆ ಇಂಗ್ಲೆಂಡಿನ ಅಳತೆಗಳನ್ನು ಎರವಲು ಪಡೆದರೆ ತಪ್ಪೇನಿಲ್ಲ. ಅಲ್ಲಿನ ಕಟ್ಟಡ ನಿಯಮಗಳ ಜೊತೆಗಿರುವ ‘ಅಪ್ರೂವ್ಡ್ ಡಾಕ್ಯುಮೆಂಟ್ ಬಿ’ ಹೇಳುವುದು ಹೀಗೆ: ಪಾರಾಗುವ ಕಿಟಕಿ ತೆರೆದಾಗ ಸಿಗುವ ಜಾಗ ಕನಿಷ್ಠ 0.33 ಚದರ ಮೀಟರ್ ಇರಬೇಕು, ಅಗಲವಾಗಲಿ ಎತ್ತರವಾಗಲಿ 450 ಮಿಲಿಮೀಟರಿಗೆ ಕಡಿಮೆ ಇರಬಾರದು, ತೆರೆಯುವ ಭಾಗದ ಕೆಳ ಅಂಚು ನೆಲದಿಂದ 1100 ಮಿಲಿಮೀಟರಿಗಿಂತ ಮೇಲಿರಬಾರದು. ಎರಡೂ ಕಡೆ 450 ಇಟ್ಟರೆ ಆಗುವುದು 0.2 ಚದರ ಮೀಟರ್ ಮಾತ್ರ. ಆದ್ದರಿಂದ ಒಂದು ಕಡೆ 450 ಇದ್ದರೆ ಇನ್ನೊಂದು ಕಡೆ ಸುಮಾರು 735 ಬೇಕಾಗುತ್ತದೆ. ನಮ್ಮ ಕಿಟಕಿಗಳ ಸಿಲ್, ಅಂದರೆ ಕೆಳ ಅಂಚು, ಸಾಮಾನ್ಯವಾಗಿ ಮೂರಡಿಯಲ್ಲಿರುವುದರಿಂದ ಎತ್ತರದ ಚಿಂತೆಯಿಲ್ಲ. ಪೇಚಾಟ ಇರುವುದು ಅಗಲದಲ್ಲಿ. ಈಗ ಎಲ್ಲರೂ ಹಾಕಿಸುವ ಎರಡು ಟ್ರ್ಯಾಕಿನ ಯುಪಿವಿಸಿ ಜಾರು ಕಿಟಕಿ ಅರ್ಧ ಮಾತ್ರ ತೆರೆಯುತ್ತದೆ. ಮೂರಡಿ ಅಗಲದ ಕಿಟಕಿಯಲ್ಲಿ ಚೌಕಟ್ಟು ಕಳೆದು 450 ಸಿಗುವುದಿಲ್ಲ. ನಾಲ್ಕಡಿಯದಾದರೆ ಧಾರಾಳವಾಗಿ ಸಿಗುತ್ತದೆ. ಮಲಗುವ ಕೋಣೆಗಳಿಗೆ ನಾಲ್ಕಡಿ ಇಡಿ, ಇಲ್ಲವೇ ಹಳೆಯ ಕ್ರಮದಂತೆ ರೆಕ್ಕೆ ತೆರೆಯುವ ಕಿಟಕಿ ಇಡಿ.

ಇಷ್ಟಾದರೂ ಆ ಕಿಟಕಿಯಿಂದ ಯಾರೂ ಹೊರಬರಲಾರರು, ಏಕೆಂದರೆ ಅದರ ಒಳಗೆ ಗ್ರಿಲ್ ಇದೆ. ವಿಡಿಯೊದಲ್ಲಿ ನಿಮಗೆ ಕಾಣದಿರುವುದು ಇದು: ಆ ಮನೆಗಳಿಗೆ ಸರಳುಗಳಿಲ್ಲ. ನಮಗೆ ಕಳ್ಳರ ಭಯಕ್ಕೆ ಕಿಟಕಿಗೆ ಗ್ರಿಲ್, ಮುಂಬಾಗಿಲ ಎದುರಿಗೆ ಇನ್ನೊಂದು ಕಬ್ಬಿಣದ ಗೇಟು. ಮಲೆನಾಡಿನಲ್ಲಿ ಇದರ ಮೇಲೆ ಮಂಗಗಳ ಕಾಟ. ಮಳೆಗೆಂದು ತಾರಸಿಯ ಮೇಲೆ ಶೀಟು ಹೊದಿಸುತ್ತೇವೆ, ಮಂಗ ನುಗ್ಗದಂತೆ ಅದರ ಸುತ್ತ ಜಾಲರಿ ಬಡಿಯುತ್ತೇವೆ. ಆಮೇಲೆ ಅಲ್ಲಿ ಹಳೆಯ ಮಂಚ, ಅಡಿಕೆ ಚೀಲ, ಕಟ್ಟಿಗೆ, ರಟ್ಟಿನ ಪೆಟ್ಟಿಗೆಗಳು ಸೇರಿಕೊಳ್ಳುತ್ತವೆ. ಕೊನೆಗೆ ಮನೆಗೆ ಉಳಿಯುವುದು ಒಂದೇ ದಾರಿ, ಅದಕ್ಕೂ ರಾತ್ರಿ ಬೀಗ. ಸಂಹಿತೆಯ ಪುಟಗಳಿಗಿಂತ ಮೊದಲು ನೀವು ಬಗೆಹರಿಸಬೇಕಾದದ್ದು ಇದನ್ನು.

ಎಲ್ಲ ಗ್ರಿಲ್ ಕಿತ್ತುಹಾಕಿ ಎನ್ನುತ್ತಿಲ್ಲ. ಹೇಳಿದರೆ ನಿಮ್ಮ ಮನೆಯವರು ನನ್ನ ಮಾತನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ಮೇಲಿನ ಪ್ರತಿ ಮಲಗುವ ಕೋಣೆಯಲ್ಲಿ ಒಂದು ಕಿಟಕಿಯ ಗ್ರಿಲ್ಲನ್ನು ಬಾಗಿಲಿನಂತೆ ತೆರೆಯುವ ಹಾಗೆ ಮಾಡಿಸಿ. ವೆಲ್ಡರಿಗೆ ಹೇಳಬೇಕಾದದ್ದು ಇಷ್ಟು. ಕೀಲುಗಳು ಒಳಮುಖವಾಗಿರಲಿ, ಅವುಗಳ ಪಿನ್ನು ಹೊರಗಿನಿಂದ ಕೈಗೆ ಸಿಗಬಾರದು. ಚಿಲಕ ಒಳಗಿರಲಿ, ಅದರ ಹಿಂದೆ ಅಂಗೈ ಅಗಲದ ತಗಡನ್ನು ಗ್ರಿಲ್ಲಿಗೇ ಬೆಸೆಯಲಿ. ಆಗ ಗಾಜು ಒಡೆದು ಕೈ ಹಾಕಿದವನಿಗೂ ಚಿಲಕ ಎಟಕುವುದಿಲ್ಲ. ಬೀಗ ಬೇಡ. ಹಾಕಲೇಬೇಕೆಂದು ಮನೆಯಲ್ಲಿ ಹಟ ಹಿಡಿದರೆ ಬೀಗದ ಕೈ ಅದೇ ಕೋಣೆಯ ಗೋಡೆಯ ಮೊಳೆಯಲ್ಲಿ, ಕಿಟಕಿಯಿಂದ ಕೈಗೆ ಸಿಗದಷ್ಟು ದೂರ, ಮಕ್ಕಳಿಗೆ ಸಿಗುವಷ್ಟು ಕೆಳಗೆ ಇರಬೇಕು. ಗ್ರಿಲ್ ಒಳಕ್ಕೆ ತೆರೆಯುವುದರಿಂದ ಅದರ ಎದುರು ಮಂಚದ ತಲೆಹಲಗೆಯೋ ಓದುವ ಮೇಜೋ ಬರದಂತೆ ಪೀಠೋಪಕರಣದ ಜಾಗವನ್ನು ಈಗಲೇ ಗುರುತಿಸಿಕೊಳ್ಳಿ. ನಮ್ಮ ಮಳೆಗಾಲದ ತೇವಕ್ಕೆ ಕೀಲು ತುಕ್ಕು ಹಿಡಿಯುತ್ತದೆ, ಹಬ್ಬಕ್ಕೆ ಬಳಿದ ಬಣ್ಣ ಚಿಲಕವನ್ನೇ ಅಂಟಿಸಿಬಿಡುತ್ತದೆ. ಆಗಾಗ ತೆರೆದು ಎಣ್ಣೆ ಬಿಡುತ್ತಿರಿ. ಆ ಕಿಟಕಿಯ ಕೆಳಗೆ ಕೆಳಮಹಡಿಯ ಸಜ್ಜಾ ಅಥವಾ ಪೋರ್ಟಿಕೊದ ಛಾವಣಿ ಬರುವಂತೆ ನೋಡಿಕೊಂಡರೆ ಇಳಿದು ನಿಲ್ಲಲು ಜಾಗವಾಗುತ್ತದೆ. ಹೇಗೂ ಸಜ್ಜಾ ಹಾಕಿಸುತ್ತೀರಿ, ಎರಡಡಿ ಆಚೀಚೆ ಮಾಡಿದರಾಯಿತು.

ಮೆಟ್ಟಿಲ ವಿಷಯಕ್ಕೆ ಬರುತ್ತೇನೆ. ಬೆಂಕಿಯಲ್ಲಿ ಮನುಷ್ಯ ಸುಟ್ಟು ಸಾಯುವುದಕ್ಕಿಂತ ಹೊಗೆ ಕುಡಿದು ಸಾಯುವುದೇ ಹೆಚ್ಚು. ಸೋಫಾದ ಫೋಮ್, ಪ್ಲಾಸ್ಟಿಕ್, ಪ್ಲೈವುಡ್ ಉಗುಳುವ ಹೊಗೆ ಬಿಸಿಯಾಗಿ ಮೇಲಕ್ಕೇರುತ್ತದೆ, ಅದಕ್ಕೆ ಮೆಟ್ಟಿಲೇ ಚಿಮಣಿ. ಹಾಲಿನ ನಡುವಿನಿಂದ ಮೆಟ್ಟಿಲು ಏರಿ, ಪಕ್ಕದಲ್ಲೇ ತೆರೆದ ಅಡುಗೆಮನೆ, ಮೇಲೆ ಎರಡಂತಸ್ತಿನ ಎತ್ತರಕ್ಕೆ ಖಾಲಿ ಬಿಟ್ಟ ಹಾಲು: ಇವತ್ತಿನ ಫ್ಯಾಷನ್ ಇದು. ಕಾಣಲು ಚೆಂದ, ಆದರೆ ಕೆಳಗಿನ ಹೊಗೆ ನೇರವಾಗಿ ಮಕ್ಕಳ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ವಾಸ್ತುವಿನವರ ಜೊತೆ ನನಗೆ ನಿತ್ಯ ಜಗಳವಿದ್ದರೂ ಇಲ್ಲಿ ಅವರ ಪರ. ಅಡುಗೆಮನೆ ಆಗ್ನೇಯಕ್ಕೆ, ಮೆಟ್ಟಿಲು ನೈರುತ್ಯಕ್ಕೆ ಎಂದರೆ ಎರಡೂ ತಾವಾಗಿಯೇ ದೂರವಾಗುತ್ತವೆ. ಮೆಟ್ಟಿಲು ಮುಂಬಾಗಿಲ ಹತ್ತಿರ ಇಳಿಯಲಿ, ಮೇಲ್ತುದಿಗೆ ಒಂದು ಬಾಗಿಲಿರಲಿ. ರಾತ್ರಿ ಮುಚ್ಚಿದ ಸಾಮಾನ್ಯ ಫ್ಲಶ್ ಬಾಗಿಲೂ ಹೊಗೆಯನ್ನು ಸಾಕಷ್ಟು ಹೊತ್ತು ತಡೆದು ನಿಲ್ಲಿಸುತ್ತದೆ. ಮೆಟ್ಟಿಲ ದಾರಿಯ ಅಗಲ ಒಂದು ಮೀಟರ್, ಒಂದೊಂದು ಮೆಟ್ಟಿಲ ಎತ್ತರ 190 ಮಿಲಿಮೀಟರ್ ಮೀರದಂತೆ, ಪಾದವಿಡುವ ಅಗಲ 250ಕ್ಕೆ ಕಡಿಮೆಯಾಗದಂತೆ ಎಂಬುದು ಸಂಹಿತೆಯ ಲೆಕ್ಕ. ಮೇಸ್ತ್ರಿ ಮೂರಡಿ ಸಾಕು ಎಂದರೆ ಒಪ್ಪಬೇಡಿ, ಮೂರೂಕಾಲು ಅಡಿಗಿಂತ ತುಸು ಹೆಚ್ಚೇ ಕೇಳಿ. ತಿರುವಿನಲ್ಲಿ ಜಾಗ ಉಳಿಸಲು ತ್ರಿಕೋನದ ಮೆಟ್ಟಿಲು ಹಾಕಿಸಬೇಡಿ. ಕತ್ತಲು, ಹೊಗೆ, ನಿದ್ದೆಗಣ್ಣು ಮೂರೂ ಸೇರಿದಾಗ ಕಾಲು ತಪ್ಪುವುದು ಅಲ್ಲೇ.

ಮೆಟ್ಟಿಲ ಕೆಳಗಿನ ಖಾಲಿ ಜಾಗದ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲದ ಊರು ನಮ್ಮದು, ಹಾಗಾಗಿ ಎಲ್ಲರ ಮನೆಯಲ್ಲೂ ಯುಪಿಎಸ್ ಇದೆ, ಅದು ಮೆಟ್ಟಿಲ ಕೆಳಗೇ ಇದೆ. ಪಕ್ಕದಲ್ಲಿ ಚಪ್ಪಲಿ ಗೂಡು, ಹಳೆಯ ಪತ್ರಿಕೆಗಳು, ಕೆಲವೊಮ್ಮೆ ಹೆಚ್ಚುವರಿ ಸಿಲಿಂಡರ್, ಈಗೀಗ ಚಾರ್ಜಿಗೆ ಹಾಕಿದ ಎಲೆಕ್ಟ್ರಿಕ್ ಸ್ಕೂಟರ್. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ; ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ಮಡುಗಟ್ಟುತ್ತದೆ. ಇರುವ ಒಂದೇ ದಾರಿಯ ಅಡಿಯಲ್ಲಿ ಇವನ್ನೆಲ್ಲ ಪೇರಿಸಿಡುವ ಧೈರ್ಯ ನನಗಂತೂ ಇಲ್ಲ. ಯುಪಿಎಸ್‌ಗೆ ಗಾಳಿಯಾಡುವ ಬೇರೆ ಗೂಡು ಮಾಡಿಸಿ. ಸಿಲಿಂಡರ್ ಮನೆಯ ಹೊರಗೋಡೆಗೆ ಒತ್ತಿದ, ಕೆಳಗೆ ಕಿಂಡಿಯಿರುವ ಗೂಡಿನಲ್ಲಿರಲಿ, ಪೈಪು ಮಾತ್ರ ಒಳಬರಲಿ.

ಹಿಂದೆ ಶಿವಮೊಗ್ಗದಲ್ಲಿ ಮೇಲ್ಮಹಡಿ ಬಾಡಿಗೆಗೆ ಕೊಡಲೆಂದು ಮೆಟ್ಟಿಲನ್ನು ಹೊರಗೇ ಕಟ್ಟುತ್ತಿದ್ದರು. ಗೋಪಾಳ, ವಿನೋಬನಗರದ ಕಡೆ ಹೋದರೆ ಇಂಥ ಮನೆಗಳು ಇನ್ನೂ ಸಿಗುತ್ತವೆ. ಈಗ ಅದು ಬಾಡಿಗೆ ಮನೆಯ ಲಕ್ಷಣ ಎಂದು ಡ್ಯೂಪ್ಲೆಕ್ಸ್ ಕಟ್ಟಿಸುವವರಿಗೆ ಬೇಡವಾಗಿದೆ. ನನ್ನ ಪ್ರಕಾರ ಬೆಂಕಿಯ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ, ಹೊಗೆ ತುಂಬದ ಮೆಟ್ಟಿಲು ಅದೊಂದೇ. ನಿಮ್ಮ ಸುರುಳಿ ಮೆಟ್ಟಿಲ ಯೋಚನೆಯೂ ಇದೇ ದಾರಿಯದು. ಕಡಿಮೆ ಜನರಿರುವ, 9 ಮೀಟರ್ ಎತ್ತರದೊಳಗಿನ ಕಟ್ಟಡಕ್ಕೆ ಸಂಹಿತೆ ಅದನ್ನು ಒಪ್ಪುತ್ತದೆ. ವ್ಯಾಸ ಒಂದೂವರೆ ಮೀಟರಿಗೆ ಕಡಿಮೆ ಬೇಡ. ಅದು ಅಡುಗೆಮನೆಯ ಕಿಟಕಿಯ ಎದುರಿನಿಂದ ಇಳಿಯಬಾರದು, ಬಚ್ಚಲ ಹಂಡೆಯ ಒಲೆ ಹಿಂದಿದ್ದರೆ ಅದರ ಪಕ್ಕಕ್ಕೂ ಬೇಡ. ಜೂನ್‌ನಿಂದ ಹೊಯ್ಯುವ ಮಳೆಗೆ ನುಣುಪು ತಗಡಿನ ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತದೆ, ಗೀರು ಗೀರಾದ ಚೆಕ್ಕರ್ಡ್ ಪ್ಲೇಟನ್ನೇ ಹಾಕಿಸಿ. ಇಷ್ಟು ಖರ್ಚು ಮಾಡಿ ಮೇಲಿನ ಬಾಗಿಲಿಗೆ ಬೀಗ ಜಡಿದು ಬೀಗದ ಕೈಯನ್ನು ಕೆಳಗಿನ ದೇವರಮನೆಯಲ್ಲಿಟ್ಟರೆ ವ್ಯರ್ಥ. ತಾರಸಿಗೆ ಜಾಲರಿ ಬಡಿಸುವುದಾದರೆ ಅದಕ್ಕೂ ಒಳಚಿಲಕದ ಒಂದು ಬಾಗಿಲಿರಲಿ. ಮುಂಬಾಗಿಲ ಗೇಟಿಗೂ ಬೀಗದ ಬದಲು ಒಳಗಿನಿಂದ ಕೈಯಲ್ಲೇ ತಿರುಗಿಸುವ ಲಾಕ್ ಹಾಕಿಸಿ, ತಂದೆಯವರು ಕತ್ತಲಲ್ಲಿ ಬೀಗದ ಕೈ ಹುಡುಕುವಂತಾಗಬಾರದು.

ಹೊಗೆ ಅಲಾರಂ ಇಂಗ್ಲೆಂಡಿನಲ್ಲಿ ಹೊಸ ಮನೆಯ ಪ್ರತಿ ಮಹಡಿಗೂ ಬೇಕು. ಇಲ್ಲಿ ಕೇಳುವವರಿಲ್ಲ, ಆದರೂ ಹಾಕಿಸಿ. ವೈರಿಂಗ್ ಹಂತದಲ್ಲೇ ಎರಡು ಮಹಡಿಗೂ ಒಂದೊಂದು ಪಾಯಿಂಟ್ ಬಿಡಿಸಿದರೆ, ಕೆಳಗಿನದು ಕೂಗಿದಾಗ ಮೇಲಿನದೂ ಕೂಗುವಂತೆ ಜೋಡಿಸಬಹುದು. ಅಡುಗೆಮನೆಯೊಳಗೆ ಮಾತ್ರ ಬೇಡ. ಒಣಮೆಣಸಿನ ಒಗ್ಗರಣೆಗೆಲ್ಲ ಅದು ಬೊಬ್ಬೆ ಹಾಕಲು ಶುರುಮಾಡಿದರೆ ವಾರದೊಳಗೆ ಯಾರಾದರೂ ಬ್ಯಾಟರಿ ಕಿತ್ತಿರುತ್ತಾರೆ.

ತಾರಸಿಯ ಮೇಲೆ ಮುಂದೊಂದು ದಿನ ಕೋಣೆ ಎಬ್ಬಿಸುವ ಆಲೋಚನೆಯಿದ್ದರೆ ಈಗಲೇ ಹೇಳಿ. ನೆಲದಿಂದ ನಾಲ್ಕೂವರೆ ಮೀಟರ್ ದಾಟಿದ ಮಹಡಿಗೆ ಕಿಟಕಿಯಿಂದ ಇಳಿಯುವ ಲೆಕ್ಕವನ್ನು ಇಂಗ್ಲೆಂಡಿನವರೂ ಒಪ್ಪುವುದಿಲ್ಲ. ಅಲ್ಲಿ ಮೆಟ್ಟಿಲನ್ನೇ ಗೋಡೆ, ಬಾಗಿಲುಗಳಿಂದ ಸುತ್ತುವರಿದು ಕಾಯಬೇಕು, ಅದನ್ನು ಆಮೇಲೆ ಸೇರಿಸುವುದು ಕಷ್ಟ. ಮೇಲಿನ ಮಲಗುವ ಕೋಣೆಗಳ ಕಿಟಕಿಗಳು ಯಾವ ಕಡೆ ಬರುತ್ತವೆ, ಅವುಗಳ ಕೆಳಗೆ ಏನಿದೆ ಎಂದು ತಿಳಿಸಿದರೆ ಯಾವ ಕಿಟಕಿಗೆ ತೆರೆಯುವ ಗ್ರಿಲ್ ಇಡಬಹುದೆಂದು ಹೇಳುತ್ತೇನೆ. ಗ್ರಿಲ್ಲಿಗೆ ಮುಂಗಡ ಕೊಡುವ ಮೊದಲೇ ತಿಳಿಸಿ.