ಸ್ವೀಡನ್ನಿನ ಪರಿಸರ ಪತ್ರಿಕೆ ಹೆಸರು ಬದಲಿಸಿಕೊಂಡದ್ದೇಕೆ?

ನೀವು ಕೇಳಿದ್ದು: ಸ್ವೀಡನ್ನಿನ ಸರ್ಕಾರಿ ಪರಿಸರ ಪತ್ರಿಕೆಯೊಂದು ಖಾಸಗಿಯವರ ಪಾಲಾಗಿ, ಹೆಸರು ಬದಲಿಸಿಕೊಂಡು, ಈಗ ಕಂಪನಿಗಳ ಬಗ್ಗೆ ಬರೆಯುತ್ತದಂತೆ, ಹೌದೇ ಅಂತ. ಹೌದು. ಅಲ್ಲಿನ ಯೋಥೆಬೊರಿ ನಗರದಲ್ಲಿ (ಇಂಗ್ಲಿಷಿನವರ ಗೋಥೆನ್‌ಬರ್ಗ್) ಕೆಲವು ವರ್ಷ ಕೆಲಸ ಮಾಡಿದ್ದೇನೆ. ಆಫೀಸಿನ ಕಾಫಿ ಮೇಜಿನ ಮೇಲೆ ಬಿದ್ದಿರುತ್ತಿದ್ದ ಅದನ್ನು ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿಯೇ ನಾನು ಒಂದಿಷ್ಟು ಸ್ವೀಡಿಷ್ ಕಲಿತದ್ದು.

ಅದರ ಹಳೆಯ ಹೆಸರು ಮಿಲ್ಯೋಆಕ್ಟುಎಲ್ಟ್. ‘ಮಿಲ್ಯೋ’ ಅಂದರೆ ಪರಿಸರ, ‘ಆಕ್ಟುಎಲ್ಟ್’ ಅಂದರೆ ಸದ್ಯದ್ದು. ಅದನ್ನು ಹೊರಡಿಸುತ್ತಿದ್ದದ್ದು ಅಲ್ಲಿನ ಪರಿಸರ ಸಂರಕ್ಷಣಾ ಇಲಾಖೆ. ಇಲಾಖೆ ಹುಟ್ಟಿದ ಕಾಲವನ್ನು ನೋಡಿದರೆ ಪತ್ರಿಕೆ ಏಕೆ ಬೇಕಾಯಿತು ಎಂಬುದು ತಿಳಿಯುತ್ತದೆ. 1967ರಲ್ಲಿ ಇಲಾಖೆ ಶುರುವಾಯಿತು. ಅದೇ ವರ್ಷ ಸ್ವಾಂತೆ ಓಡೆನ್ ಎಂಬ ಮಣ್ಣುವಿಜ್ಞಾನಿ ‘ದಾಗೆನ್ಸ್ ನ್ಯೂಹೆತೆರ್’ ದಿನಪತ್ರಿಕೆಯಲ್ಲಿ ಆಮ್ಲಮಳೆಯ ಬಗ್ಗೆ ಬರೆದ. ಬೇರೆ ದೇಶಗಳ ಚಿಮಣಿಗಳ ಗಂಧಕ ಗಾಳಿಯಲ್ಲಿ ತೇಲಿ ಬಂದು ಸ್ವೀಡನ್ನಿನ ಕೆರೆಗಳಿಗೆ ಬೀಳುತ್ತಿದೆ ಎಂಬುದು ಅವನ ವಾದ. ಜನ ಬೆಚ್ಚಿದರು. 1969ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂತು, 1972ರ ಜೂನ್ 5ರಂದು ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ಶುರುವಾಯಿತು. ನಮ್ಮ ಶಾಲೆಗಳಲ್ಲಿ ಪ್ರತಿ ಜೂನ್ 5ಕ್ಕೆ ಸಸಿ ನೆಡಿಸುತ್ತಾರಲ್ಲ, ಆ ತಾರೀಖು ಬಂದದ್ದು ಅಲ್ಲಿಂದಲೇ.

ಆಗೆಲ್ಲ ಪರಿಸರ ಅಂದರೆ ಸರ್ಕಾರದ ಕೆಲಸ. ಕಾರ್ಖಾನೆಗೆ ಅನುಮತಿ ಕೊಡುವವರು, ಅಳೆಯುವವರು, ನೋಟಿಸ್ ಕಳಿಸುವವರು, ಇವರೇ ಓದುಗರು.

ಆಮೇಲೆ ಲೆಕ್ಕ ಬದಲಾಯಿತು. ಲೆಕ್ಕ ಅಂದರೆ ನಿಜವಾಗಿಯೂ ಲೆಕ್ಕವೇ. 1991ರಲ್ಲಿ ಸ್ವೀಡನ್ ಇಂಗಾಲದ ಡೈಆಕ್ಸೈಡಿಗೆ ಟನ್ನಿಗೆ 250 ಕ್ರೋನಾ ತೆರಿಗೆ ಹಾಕಿತು. ಹೊಗೆ ಜಮಾಖರ್ಚಿನ ಪುಸ್ತಕಕ್ಕೆ ಬಂದು ಕೂತಿತು. 2007ರಲ್ಲಿ ಸರ್ಕಾರ, ತನ್ನ ಒಡೆತನದ ಕಂಪನಿಗಳೆಲ್ಲ ಸುಸ್ಥಿರತೆಯ ವರದಿ, ಅಂದರೆ ತಮ್ಮ ವ್ಯವಹಾರದಿಂದ ಪರಿಸರಕ್ಕೂ ಸಮಾಜಕ್ಕೂ ಏನಾಗುತ್ತಿದೆ ಎಂಬ ವರದಿ, ಕೊಡಲೇಬೇಕು ಎಂದಿತು. ಮುಂದೆ ಐರೋಪ್ಯ ಒಕ್ಕೂಟವೂ 500ಕ್ಕಿಂತ ಹೆಚ್ಚು ನೌಕರರಿರುವ ದೊಡ್ಡ ಕಂಪನಿಗಳಿಗೆ ಅಂಥದೇ ನಿಯಮ ತಂದಾಗ, ಸ್ವೀಡನ್ ತನ್ನಲ್ಲಿ ಆ ಮಿತಿಯನ್ನು 250ಕ್ಕೇ ಇಳಿಸಿತು. ಇಷ್ಟು ವರದಿ ಬರೆಯುವವರು ಹುಟ್ಟಿಕೊಂಡ ಮೇಲೆ ಅವರಿಗೊಂದು ಪತ್ರಿಕೆ ಬೇಡವೇ?

ಇಲಾಖೆ ಕೈಬಿಟ್ಟ ಮೇಲೆ ಪತ್ರಿಕೆ ಹೋದದ್ದು ಐಡಿಜಿ ಎಂಬ ಪ್ರಕಾಶನಕ್ಕೆ. ಅವರದು ಮುಖ್ಯವಾಗಿ ಕಂಪ್ಯೂಟರ್ ಪತ್ರಿಕೆಗಳ ಅಂಗಡಿ! ಅಲ್ಲಿಂದ ಬೊನಿಯೆರ್ ಎಂಬ ಮಾಧ್ಯಮ ಸಮೂಹಕ್ಕೆ ದಾಟಿತು. ಓಡೆನ್ ಬರೆದ ‘ದಾಗೆನ್ಸ್ ನ್ಯೂಹೆತೆರ್’ ಕೂಡ ಬೊನಿಯೆರ್ ಮನೆಯದೇ. ಅಂತೂ ಬಂಧುಬಳಗ ಒಂದು ಸೂರಿನಡಿ ಬಂತು ಅನ್ನಿ.

ಈಗಿನ ಹೆಸರು ಆಕ್ಟುಎಲ್ ಹೋಲ್‌ಬಾರ್‌ಹೇತ್. ಈ ‘ಹೋಲ್‌ಬಾರ್‌ಹೇತ್’ ಎಂಬ ಪದದಲ್ಲೇ ನನಗೆ ಇಡೀ ಕಥೆ ಕಾಣುವುದು. ನಮ್ಮ ಪತ್ರಿಕೆಗಳು ಇದನ್ನು ‘ಸುಸ್ಥಿರತೆ’ ಎಂದು ಬರೆಯುತ್ತವೆ, ಓದಿದರೆ ಸರ್ಕಾರಿ ಸುತ್ತೋಲೆಯ ವಾಸನೆ. ಸ್ವೀಡಿಷರಿಗೆ ಅದು ಅಡುಗೆಮನೆಯ ಮಾತು. ಹಾಲು ಎಷ್ಟು ದಿನ ಕೆಡದೆ ಇರುತ್ತದೆ ಎನ್ನುವುದಕ್ಕೂ, ಚಪ್ಪಲಿ ಎಷ್ಟು ಕಾಲ ಬರುತ್ತದೆ ಎನ್ನುವುದಕ್ಕೂ ಅದೇ ಪದ. ಕನ್ನಡದಲ್ಲಿ ‘ಬಾಳಿಕೆ’ ಅಂದರೆ ಹೆಚ್ಚುಕಡಿಮೆ ಸರಿಹೋದೀತು. ‘ಪರಿಸರ’ ಹೋಗಿ ‘ಬಾಳಿಕೆ’ ಬಂತು. ಕಂಪನಿಯವರಿಗೆ ಇದು ಹಿತ, ಯಾಕೆಂದರೆ ಬಾಳಿಕೆಯಲ್ಲಿ ಅವರ ವ್ಯಾಪಾರದ ಬಾಳಿಕೆಯೂ ಸೇರುತ್ತದೆ. ಕೆರೆಯ ಮೀನಿಗೆ ಹಿತವೋ ಎಂಬ ಅನುಮಾನ ನನಗೆ ಇನ್ನೂ ಇದೆ.

ಪತ್ರಿಕೆ ಹೆಸರು ಮಾಡಿದ್ದು ಮಾತ್ರ ತನ್ನ ಪಟ್ಟಿಗಳಿಂದ. ದೇಶದ 290 ಸ್ಥಳೀಯ ಆಡಳಿತಗಳಿಗೆ, ಅಲ್ಲಿ ‘ಕೊಮ್ಮುನ್’ ಅನ್ನುತ್ತಾರೆ, ಪರಿಸರದ ಕೆಲಸಕ್ಕೆ ಅಂಕ ಕೊಟ್ಟು ಸಾಲಾಗಿ ನಿಲ್ಲಿಸುತ್ತದೆ. ಒಂದು ಸಲ ಆ ಸಂಚಿಕೆ ಬಂದ ದಿನ, ಕಾಫಿಗೆ ಬಂದ ಸಹೋದ್ಯೋಗಿಯೊಬ್ಬ ಮೊದಲು ತನ್ನೂರನ್ನು ಹುಡುಕಿದ, ಆಮೇಲೆ ಹೆಂಡತಿಯ ತವರೂರನ್ನು. ತವರೂರು ಕೆಳಗಿತ್ತು. ಫೋಟೊ ತೆಗೆದು ಆಗಲೇ ಕಳಿಸಿದ. ಇಂಥ ಪಟ್ಟಿಯಲ್ಲಿ ಫಾರಂ ಚೆನ್ನಾಗಿ ತುಂಬುವ ಊರು ಮೇಲೇರುತ್ತದೆ ಎಂಬ ಗೊಣಗಾಟವೂ ಆ ಮೇಜಿನ ಸುತ್ತ ಕೇಳಿದ್ದೇನೆ, ಅದರಲ್ಲಿ ಹುರುಳಿಲ್ಲದೆ ಇಲ್ಲ.

ಓದಬೇಕೆಂದರೆ ಎಲ್ಲವೂ ಸ್ವೀಡಿಷ್‌ನಲ್ಲೇ ಇದೆ. ಮೊಬೈಲಿನ ಅನುವಾದಕ್ಕೆ ಹಾಕಿ ಓದಬಹುದು, ಆದರೆ ಅದು ‘ಬಾಳಿಕೆ’ ಅನ್ನುವುದಿಲ್ಲ, ‘ಸುಸ್ಥಿರತೆ’ಯನ್ನೇ ಕೊಡುತ್ತದೆ.